ಹುಳಿಗೆ ತಕ್ಕ ಸಿಹಿ: ನಸುಸಿಹಿ ಬಿಳಿ ವೈನನ್ನು ಅರಿಯುವ ಬಗೆ

ಹುಣಸೆಹಣ್ಣು ಕಿವುಚಿ ಮಾಡಿದ ತಿಳಿಸಾರಿಗೆ ಅಡಿಕೆ ಗಾತ್ರದ ಬೆಲ್ಲ ಹಾಕಿದರೆ ಅದನ್ನು ಯಾರೂ ಸಿಹಿಸಾರು ಎನ್ನುವುದಿಲ್ಲ. ಹಾಕಲು ಮರೆತ ದಿನ ಮಾತ್ರ, ಏನು ಕಡಿಮೆಯೆಂದು ಹೇಳಲು ಬಾರದಿದ್ದರೂ, ಏನೋ ಕಡಿಮೆಯಾಗಿದೆಯೆಂದು ಉಣ್ಣುವವರಿಗೆಲ್ಲ ಗೊತ್ತಾಗುತ್ತದೆ. ಹುಳಿಯ ಚೂಪನ್ನು ಮೊಂಡಾಗಿಸಿ, ಖಾರಕ್ಕೂ ಉಪ್ಪಿಗೂ ಸಂಧಾನ ಮಾಡಿಸಿ, ಆಮೇಲೆ ತಾನು ಹಿಂದೆ ಸರಿಯುವುದೇ ಆ ಬೆಲ್ಲದ ಕೆಲಸ. ಬಿಳಿ ವೈನ್‌ಗಳಲ್ಲಿ ‘ಆಫ್-ಡ್ರೈ’ ಎಂಬ ಬಗೆಯೊಂದಿದ್ದು, ಅದರಲ್ಲಿ ಉಳಿದಿರುವ ಅಷ್ಟಿಷ್ಟು ಸಕ್ಕರೆ ಮಾಡುವುದೂ ಇದನ್ನೇ. ಆದರೂ ಮನೆಯಲ್ಲಿ ಬೆಲ್ಲವಿಲ್ಲದ ಸಾರನ್ನು ಒಪ್ಪದವರು ಬೆಂಗಳೂರಿನ ಮದ್ಯದಂಗಡಿಯ ಮುಂದೆ ನಿಂತಾಗ ‘ಸ್ವೀಟ್ ಬೇಡ, ಡ್ರೈ ಕೊಡಿ’ ಎಂದುಬಿಡುತ್ತಾರೆ. ಹೀಗೆ ನಮ್ಮ ಊಟಕ್ಕೆ ಬಹುಶಃ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ, ಬೆಲೆಯಲ್ಲೂ ಕೈಗೆಟಕುವ ಬಾಟಲಿ ಕಪಾಟಿನಲ್ಲೇ ಉಳಿದುಹೋಗುತ್ತದೆ.

ಮೊದಲು ಪದಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ನಗರದಲ್ಲಿ ‘ಡ್ರೈ’ ಎಂದೊಡನೆ ನೆನಪಾಗುವುದು ಅಂಗಡಿಗಳು ಬಾಗಿಲು ಹಾಕುವ ‘ಡ್ರೈ ಡೇ’. ‘ವೈನ್ಸ್’ ಎಂಬ ಫಲಕ ಹೊತ್ತ ಅಂಗಡಿಯಲ್ಲಿ ಬ್ರಾಂದಿ, ವಿಸ್ಕಿ, ಬಿಯರ್ ರಾಶಿಯಾಗಿದ್ದು ವೈನ್ ಮಾತ್ರ ಮೂಲೆಯ ಒಂದು ಸಾಲಿಗೆ ಸೀಮಿತವಾಗಿರುವುದೂ ಇಲ್ಲಿನ ವಿಶೇಷ. ವೈನಿನ ಮಾತಿನಲ್ಲಿ ‘ಡ್ರೈ’ ಎಂದರೆ ದ್ರಾಕ್ಷಿಯ ಸಕ್ಕರೆಯೆಲ್ಲ ಹೆಚ್ಚುಕಡಿಮೆ ಮದ್ಯಸಾರವಾಗಿ ಬದಲಾಗಿ, ನಾಲಿಗೆಗೆ ಸಿಹಿ ತಾಗದ ಸ್ಥಿತಿ ಎಂದಷ್ಟೇ ಅರ್ಥ. ‘ಸ್ವೀಟ್’ ಎನ್ನುವುದು ಇನ್ನೊಂದು ತುದಿ. ಇವೆರಡರ ನಡುವೆ, ಡ್ರೈ ಕಡೆಗೇ ಹೆಚ್ಚು ವಾಲಿಕೊಂಡಿರುವುದು ಆಫ್-ಡ್ರೈ. ನಸುಗೆಂಪು, ನಸುನಗೆ ಎನ್ನುವ ನುಡಿಯಲ್ಲಿ ಇದನ್ನು ನಸುಸಿಹಿ ಎಂದು ಕರೆಯುವುದು ಸರಿಹೋಗುತ್ತದೆ.

ಸಿಹಿ ವೈನಿನ ಬಗ್ಗೆ ಇಲ್ಲಿ ತಾತ್ಸಾರ ಬೆಳೆದದ್ದಕ್ಕೆ ಕಾರಣವಿಲ್ಲದಿಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಜ್ಯೂಸು, ಜಾಮುಗಳ ಜೊತೆಗೆ ‘ಪೋರ್ಟ್’ ಎಂಬ ಹೆಸರಿನ ಗಟ್ಟಿಸಿಹಿ ವೈನೂ ತಯಾರಾಗುತ್ತಿತ್ತು, ಈಗಲೂ ತಯಾರಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಫ್ರೇಜರ್ ಟೌನ್, ಕುಕ್ ಟೌನ್ ಮನೆಗಳಲ್ಲಿ ಕೇಕಿನೊಂದಿಗೆ ಕೊಡುವ ಮನೆವೈನೂ ಸಿಹಿಯೇ. ಒಂದು ತಲೆಮಾರಿಗೆ ವೈನ್ ಎಂದರೆ ಕೆಮ್ಮಿನ ಔಷಧದ ತಮ್ಮನಂತಿತ್ತು. ಅದರಿಂದ ಬಿಡಿಸಿಕೊಂಡ ಮುಂದಿನ ತಲೆಮಾರು ‘ಡ್ರೈ ಕುಡಿಯುವವರೇ ಬಲ್ಲವರು’ ಎಂಬ ಇನ್ನೊಂದು ತುದಿಗೆ ಹೋಗಿ ನಿಂತಿತು. ನನ್ನ ಮಟ್ಟಿಗೆ ಈ ಎರಡನೆಯ ನಂಬಿಕೆ ಮೊದಲನೆಯದಕ್ಕಿಂತ ಹೆಚ್ಚು ನಷ್ಟ ಮಾಡಿದೆ. ಮೊದಲನೆಯದರಲ್ಲಿ ಕನಿಷ್ಠ ಪಕ್ಷ ಕೇಕಾದರೂ ಇತ್ತು.

ಸಕ್ಕರೆ ವೈನಿನಲ್ಲಿ ಉಳಿಯುವುದು ಹೇಗೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದಾಗ ಶೇಕಡಾ 1ರಷ್ಟು ಮದ್ಯಸಾರ ಹುಟ್ಟುತ್ತದೆ. ಕೊಯ್ಲಿನ ಹೊತ್ತಿಗೆ ರಸದಲ್ಲಿ ಲೀಟರಿಗೆ 220 ಗ್ರಾಂ ಸಕ್ಕರೆಯಿತ್ತೆಂದೂ, ಹುದುಗುವಿಕೆಯನ್ನು ಶೇ 12ರಲ್ಲಿ ನಿಲ್ಲಿಸಲಾಯಿತೆಂದೂ ಇಟ್ಟುಕೊಂಡರೆ, 204 ಗ್ರಾಂ ಖರ್ಚಾಗಿ 16 ಗ್ರಾಂ ಉಳಿಯುತ್ತದೆ. ಆ 16 ಗ್ರಾಮೇ ನಮ್ಮ ಸಾರಿನ ಬೆಲ್ಲ. ನಿಲ್ಲಿಸುವುದೆಂದರೆ ಸ್ಟೀಲ್ ತೊಟ್ಟಿಯನ್ನು ಘನೀಭವನದ ಹತ್ತಿರಕ್ಕೆ ತಣಿಸಿ ಯೀಸ್ಟನ್ನು ಮಂಕಾಗಿಸುವುದು, ಗಂಧಕದ ಡೈಆಕ್ಸೈಡ್ ಬೆರೆಸುವುದು, ಬಳಿಕ ಯೀಸ್ಟ್ ಕಣ ಒಂದೂ ಉಳಿಯದಂತೆ ಸೂಕ್ಷ್ಮ ಜಾಲರಿಯಲ್ಲಿ ಸೋಸುವುದು. ಸೋಸುವಾಗ ತಪ್ಪಿದರೆ ಬಾಟಲಿಯೊಳಗೇ ಮತ್ತೆ ಹುದುಗೆದ್ದು ಮುಚ್ಚಳ ಹಾರುವ ಸಂಭವವಿರುವುದರಿಂದ ಇದು ಡ್ರೈ ವೈನ್ ಮಾಡುವುದಕ್ಕಿಂತ ಸುಲಭದ ಕೆಲಸವೇನಲ್ಲ. ಇನ್ನೊಂದು ದಾರಿಯೂ ಇದೆ: ಹುದುಗಿಸದ ರಸವನ್ನು ಸ್ವಲ್ಪ ತೆಗೆದಿಟ್ಟು, ಪೂರ್ತಿ ಹುದುಗಿದ ವೈನಿಗೆ ಕೊನೆಯಲ್ಲಿ ಸೇರಿಸುವುದು. ಜರ್ಮನರು ಇದಕ್ಕೆ ಒಂದು ಪ್ರತ್ಯೇಕ ಪದವನ್ನೇ ಇಟ್ಟುಕೊಂಡಿದ್ದಾರೆ, ‘ಝ್ಯೂಸ್‌ರೆಸೆರ್ವೆ’ (Süssreserve), ಎಂದರೆ ‘ಸಿಹಿಯ ದಾಸ್ತಾನು’ ಎಂದು.

ದ್ರಾಕ್ಷಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳು ಹೆಚ್ಚುಕಡಿಮೆ ಸಮವಾಗಿರುತ್ತವೆ. ಯೀಸ್ಟಿಗೆ ಗ್ಲೂಕೋಸ್ ಹೆಚ್ಚು ಇಷ್ಟವಾದ್ದರಿಂದ ಅದನ್ನು ಮೊದಲು ಮುಗಿಸುತ್ತದೆ. ನಡುವೆ ನಿಲ್ಲಿಸಿದ ವೈನಿನಲ್ಲಿ ಉಳಿಯುವುದು ಬಹುಪಾಲು ಫ್ರಕ್ಟೋಸ್. ಎರಡರಲ್ಲಿ ಹೆಚ್ಚು ಸಿಹಿಯಾಗಿರುವುದು ಈ ಫ್ರಕ್ಟೋಸೇ ಆದ್ದರಿಂದ ಹುದುಗನ್ನು ತಡೆದು ಮಾಡಿದ ವೈನಿನಲ್ಲಿ ಕಡಿಮೆ ಸಕ್ಕರೆಯೂ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟರಿಂದಲೇ ಸಿಹಿಯ ಲೆಕ್ಕ ಮುಗಿಯುವುದಿಲ್ಲ, ಏಕೆಂದರೆ ನಾಲಿಗೆ ಸಕ್ಕರೆಯನ್ನು ಒಂಟಿಯಾಗಿ ಅಳೆಯುವುದಿಲ್ಲ. ಇದನ್ನು ಮನೆಯಲ್ಲೇ, ವೈನಿನ ಹಂಗಿಲ್ಲದೆ, ಪರೀಕ್ಷಿಸಬಹುದು. ಮೂರು ಲೋಟಗಳಲ್ಲಿ ತಲಾ 200 ಮಿಲಿಲೀಟರ್ ತಣ್ಣೀರು ತೆಗೆದುಕೊಂಡು ಒಂದೊಂದಕ್ಕೂ ಒಂದು ನಿಂಬೆಹಣ್ಣಿನ ರಸ ಹಿಂಡಿದರೆ, ಹುಳಿ ಹೆಚ್ಚುಕಡಿಮೆ ಒಂದು ಬಿಳಿ ವೈನಿನ ಮಟ್ಟಕ್ಕೆ, ಎಂದರೆ ಲೀಟರಿಗೆ 6ರಿಂದ 8 ಗ್ರಾಂ ಆಮ್ಲಕ್ಕೆ ಬಂದಿರುತ್ತದೆ. ಮೊದಲ ಲೋಟಕ್ಕೆ ಏನನ್ನೂ ಹಾಕಬೇಡಿ. ಎರಡನೆಯದಕ್ಕೆ ಮುಕ್ಕಾಲು ಟೀ ಚಮಚ ಸಕ್ಕರೆ ಹಾಕಿ. ಅದು ಲೀಟರಿಗೆ ಸುಮಾರು 15 ಗ್ರಾಂ ಆಯಿತು. ಮೂರನೆಯದಕ್ಕೆ ನಾಲ್ಕು ಚಮಚ ಹಾಕಿದರೆ ಅದು ನಾವು ಅತಿಥಿಗಳಿಗೆ ಕೊಡುವ ಪಾನಕ. ಮೊದಲನೆಯದು ಹಲ್ಲು ಚುಳ್ಳೆನ್ನಿಸುತ್ತದೆ, ಮೂರನೆಯದು ಸ್ಪಷ್ಟವಾಗಿ ಸಿಹಿ. ಎರಡನೆಯದು ಮಾತ್ರ ಬಹಳ ಜನಕ್ಕೆ ಸಿಹಿಯೆನ್ನಿಸುವುದೇ ಇಲ್ಲ; ಹುಳಿ ದುಂಡಗಾಗಿ, ನಿಂಬೆಯ ಪರಿಮಳ ಮುಂದೆ ಬಂದಿರುತ್ತದೆ. ಇದೇ ಮುಕ್ಕಾಲು ಚಮಚವನ್ನು ನಿಂಬೆಯಿಲ್ಲದ ಬರಿಯ ನೀರಿಗೆ ಹಾಕಿ ಕುಡಿದರೆ ಸಿಹಿ ತಕ್ಷಣ ಬೇರೆಯಾಗಿ ಕಾಣುತ್ತದೆ.

ಈ ಹುಳಿ-ಸಿಹಿಯ ನಂಟನ್ನು ಕಾನೂನೂ ಒಪ್ಪಿಕೊಂಡಿದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆಯಿರುವ ವೈನ್ ಡ್ರೈ, 12 ಗ್ರಾಂವರೆಗೆ ಮೀಡಿಯಂ ಡ್ರೈ, ಅಲ್ಲಿಂದ ಮುಂದೆ 45ರವರೆಗೆ ಮೀಡಿಯಂ, 45 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಸ್ವೀಟ್. ಆದರೆ ಆಮ್ಲದ ಪ್ರಮಾಣ ಸಕ್ಕರೆಗಿಂತ ಕಡಿಮೆಯಿದ್ದರೂ ಆ ಅಂತರ 2 ಗ್ರಾಂ ಮೀರದಿದ್ದರೆ 9 ಗ್ರಾಂ ಸಕ್ಕರೆಯ ವೈನನ್ನೂ ಡ್ರೈ ಎನ್ನಬಹುದು. ಆ ಅಂತರ 10 ಗ್ರಾಂ ಮೀರದಿದ್ದರೆ 18 ಗ್ರಾಂ ಸಕ್ಕರೆಯದನ್ನೂ ಮೀಡಿಯಂ ಡ್ರೈ ಎನ್ನಬಹುದು. ಹುಳಿ ಹೆಚ್ಚಿದ್ದರೆ ಬೆಲ್ಲ ಹೆಚ್ಚು ತಡೆಯುತ್ತದೆಂದು ಅಡುಗೆಮನೆಯಲ್ಲಿ ಹೇಳುವ ಮಾತೇ ಇಲ್ಲಿ ಅಂಕಿಗಳಲ್ಲಿ ಕುಳಿತಿದೆ. ರೀಸ್ಲಿಂಗ್ ದ್ರಾಕ್ಷಿಯ ವೈನ್‌ಗಳಿಗಾಗಿ ಅಂತರರಾಷ್ಟ್ರೀಯ ರೀಸ್ಲಿಂಗ್ ಪ್ರತಿಷ್ಠಾನ ರೂಪಿಸಿದ ಅಳತೆಪಟ್ಟಿಯೂ ಸಕ್ಕರೆಯನ್ನು ಆಮ್ಲದಿಂದ ಭಾಗಿಸಿಯೇ ಶುರುವಾಗುತ್ತದೆ: ಭಾಗಲಬ್ಧ 1ಕ್ಕಿಂತ ಕಡಿಮೆಯಿದ್ದರೆ ಡ್ರೈ, 1ರಿಂದ 2ರವರೆಗೆ ಮೀಡಿಯಂ ಡ್ರೈ.

ನಾಲಿಗೆಯ ಸಿಹಿಯ ಜೊತೆಗೆ ಮೂಗಿನ ಸಿಹಿಯೂ ಒಂದಿದೆ. ಸೀಬೆ, ಅನಾನಸ್, ಮಾಗಿದ ಮರಸೇಬುಗಳ ವಾಸನೆ ಬಂದೊಡನೆ ಮನಸ್ಸು ಸಿಹಿಯನ್ನು ನಿರೀಕ್ಷಿಸುವುದರಿಂದ, ಸಕ್ಕರೆಯಿಲ್ಲದ ವೈನೂ ಕೆಲವರಿಗೆ ಸಿಹಿಯಾಗಿ ತೋರುತ್ತದೆ. ಅನುಮಾನ ಬಂದಾಗ ಮೂಗು ಹಿಡಿದು ಒಂದು ಗುಟುಕು ಕುಡಿದು ನೋಡಿದರೆ ಸಾಕು. ಉಳಿಯುವುದು ನಾಲಿಗೆಯ ಸಿಹಿ ಮಾತ್ರ. ಪಂಕ್ತಿಯಲ್ಲಿ ಕುಳಿತು ಹೀಗೆ ಮಾಡಿದರೆ ಪಕ್ಕದವರು ವಿಚಿತ್ರವಾಗಿ ನೋಡಬಹುದು, ಅಷ್ಟೇ.

ಭಾರತದಲ್ಲಿ ಈ ಬಗೆಯ ವೈನಿಗೆ ಹೆಚ್ಚಾಗಿ ಒದಗುವುದು ಶೆನಿನ್ ಬ್ಲಾಂಕ್ ದ್ರಾಕ್ಷಿ. ಅದರ ತವರು ಫ್ರಾನ್ಸಿನ ಲ್ವಾರ್ ನದೀಕಣಿವೆ. ಅಲ್ಲಿನ ವೂವ್ರೆ ಎಂಬ ಊರಿನ ವೈನುಗಳಲ್ಲಿ ಇದೊಂದೇ ದ್ರಾಕ್ಷಿಯಿಂದ ಪೂರ್ತಿ ಡ್ರೈನಿಂದ ಹಿಡಿದು ಜೇನಿನಂಥ ಸಿಹಿಯವರೆಗೆ ಎಲ್ಲ ಮಟ್ಟಗಳೂ ಸಿಗುತ್ತವೆ, ನಸುಸಿಹಿಯದಕ್ಕೆ ಅಲ್ಲಿ ‘ದೆಮಿ-ಸೆಕ್’ ಎಂದು ಹೆಸರು. ದಕ್ಷಿಣ ಆಫ್ರಿಕದಲ್ಲಿ ‘ಸ್ಟೀನ್’ ಎಂಬ ಹೆಸರಿನಲ್ಲಿ ನೆಲೆಸಿದ ಈ ಬಳ್ಳಿ ಈಗ ಫ್ರಾನ್ಸಿಗಿಂತ ಅಲ್ಲಿಯೇ ಹೆಚ್ಚು ವಿಸ್ತಾರದಲ್ಲಿದೆ. ಬಿಸಿಲ ನಾಡಿನಲ್ಲಿ ಹಣ್ಣು ಮಾಗುವಾಗ ಅದರೊಳಗಿನ ಮ್ಯಾಲಿಕ್ ಆಮ್ಲ ಬೇಗ ಕರಗಿಹೋಗಿ ವೈನ್ ಸಪ್ಪೆಯಾಗುವ ತೊಂದರೆಯಿದೆ. ಹುಟ್ಟಿನಿಂದಲೇ ಹುಳಿ ಹೆಚ್ಚಿರುವ ಶೆನಿನ್ ಈ ನಷ್ಟವನ್ನು ಬೇರೆ ಹಲವು ದ್ರಾಕ್ಷಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನಾಸಿಕದಲ್ಲಿ ಸುಲಾ ಎಂಬ ವೈನ್ ಕಂಪನಿ 2000ದಲ್ಲಿ ಹೊರತಂದ ಮೊದಲ ವೈನ್‌ಗಳಲ್ಲಿ ಶೆನಿನ್ ಬ್ಲಾಂಕ್ ಒಂದಾಗಿತ್ತು. ಅದು ಇಂದಿಗೂ ನಸುಸಿಹಿಯಾಗಿಯೇ ಇದ್ದು, ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತದೆ. ನಮ್ಮ ಹತ್ತಿರದ ಕಥೆ ಇನ್ನೂ ಹಳೆಯದು: ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಗ್ರೋವರ್ ವೈನ್ ತೋಟದಿಂದ 1992ರಲ್ಲಿ ಮೊದಲ ಬಾಟಲಿಗಳು ಹೊರಬಂದವು. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ ಇಂಥ ದ್ರಾಕ್ಷಿ ಬೆಳೆಯಲು ಸಾಧ್ಯವಾಗಿರುವುದು ಪ್ರಸ್ಥಭೂಮಿಯ ಎತ್ತರದಿಂದಾಗಿ. ಹಗಲು ಬಿಸಿಲಿದ್ದರೂ ರಾತ್ರಿ ತಂಪಾಗುವುದರಿಂದ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ (ಎಂದರೆ ಬಳ್ಳಿಯ ರೆಂಬೆಗಳನ್ನು ಕತ್ತರಿಸಿ), ಮಳೆಗಾಲವನ್ನು ತಪ್ಪಿಸಿ, ಯುರೋಪಿನ ಬಳ್ಳಿಗಳು ಮಲಗಿರುವ ಹೊತ್ತಿನಲ್ಲಿ, ಎಂದರೆ ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ, ಕೊಯ್ಲು ಮಾಡುತ್ತಾರೆ.

ನಸುಸಿಹಿ ವೈನ್ ಅಗ್ಗವಾಗಿರುವುದಕ್ಕೆ ಕಾರಣ ಗುಣಮಟ್ಟದ ಕೊರತೆಯೆಂದು ಭಾವಿಸಬೇಕಾಗಿಲ್ಲ. ಈ ಬಗೆಯ ವೈನಿಗೆ ಸಾಮಾನ್ಯವಾಗಿ ಓಕ್ ಮರದ ಪೀಪಾಯಿ ಬೇಕಾಗುವುದಿಲ್ಲ. ಫ್ರೆಂಚ್ ಓಕ್‌ನ 225 ಲೀಟರಿನ ಹೊಸ ಪೀಪಾಯಿಯ ಬೆಲೆ ಅದರಿಂದ ಬರುವ ಬರೀ 300 ಬಾಟಲಿಗಳ ಮೇಲೆ ಹಂಚಿಕೆಯಾಗಬೇಕು. ಸ್ಟೀಲ್ ತೊಟ್ಟಿಯಾದರೆ ವರ್ಷಗಟ್ಟಲೆ ಬಾಳುತ್ತದೆ. ನೆಲಮಾಳಿಗೆಯಲ್ಲಿ ವರ್ಷಾನುಗಟ್ಟಲೆ ಕಾಯಿಸುವ ಅಗತ್ಯವೂ ಇಲ್ಲದ್ದರಿಂದ ಬಂಡವಾಳ ಬೇಗ ಮರಳುತ್ತದೆ. ಆಮದು ವೈನಿನ ಮೇಲೆ ಬಹುಕಾಲ ಶೇ 150ರಷ್ಟು ಸುಂಕವಿದ್ದುದು ಇನ್ನೊಂದು ಕಾರಣ. ಮೂಲದಲ್ಲಿ ಸಾಧಾರಣವಾದ ವಿದೇಶಿ ವೈನ್ ಇಲ್ಲಿಗೆ ಬರುವಷ್ಟರಲ್ಲಿ ದುಬಾರಿಯ ವೇಷ ಹಾಕಿಕೊಂಡಿರುತ್ತದೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಳ್ಳುವುದಾದರೆ ಸ್ವದೇಶಿ ಶೆನಿನ್‌ನಲ್ಲಿ ಹಣ ಬಾಟಲಿಯೊಳಗಿನ ವಸ್ತುವಿಗೆ ಹೆಚ್ಚು ಸಲ್ಲುತ್ತದೆಂಬುದು ನನ್ನ ಅಭಿಪ್ರಾಯ.

ಕೊಳ್ಳುವಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು ಕೊಯ್ಲಿನ ವರ್ಷ, ಅದಿಲ್ಲದಿದ್ದರೆ ಬಾಟಲಿ ತುಂಬಿದ ದಿನಾಂಕ. ಇಂಥ ವೈನಿನ ಸೊಗಸು ಎಳೆತನದಲ್ಲಿದೆ. ಒಂದೆರಡು ವರ್ಷಗಳೊಳಗಿನದನ್ನೇ ಆರಿಸಬೇಕು. ಎರಡನೆಯದಾಗಿ ಅಂಗಡಿಯನ್ನೂ ನೋಡಬೇಕು. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ನಾನು ಒಮ್ಮೆ ಅಂಥದ್ದನ್ನು ತಂದು, ಕಂದು ಬಣ್ಣಕ್ಕೆ ತಿರುಗಿದ, ಬೇಯಿಸಿದ ಸೇಬಿನ ವಾಸನೆಯ ದ್ರವವನ್ನು ಸಿಂಕಿಗೆ ಸುರಿದಿದ್ದೇನೆ. ಕಾರ್ಕಿನ ಬದಲು ತಿರುಗಿಸಿ ತೆಗೆಯುವ ಮುಚ್ಚಳವಿದ್ದರೆ ಹಿಂಜರಿಯಬೇಕಾಗಿಲ್ಲ, ತಾಜಾತನವನ್ನೇ ನಂಬಿದ ವೈನಿಗೆ ಅದೇ ಸೂಕ್ತ. ಇನ್ನೊಂದು ಮೋಸದ ಪದದ ಬಗ್ಗೆ ಎಚ್ಚರ ಬೇಕು: ನೊರೆಯುವ ವೈನ್‌ಗಳ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ ಅದು ಡ್ರೈ ಬಗೆಯದಾದ ‘ಬ್ರೂಟ್’ಗಿಂತ ಹೆಚ್ಚು ಸಿಹಿ, ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆಯದು. ಜರ್ಮನ್ ಬಾಟಲಿ ಕೈಗೆ ಬಂದರೆ ‘ಟ್ರೋಕನ್’ ಎಂದರೆ ಡ್ರೈ, ‘ಹಾಲ್ಬ್‌ಟ್ರೋಕನ್’ ಎಂದರೆ ನಸುಸಿಹಿ. ಪದಗಳೇನೂ ಇಲ್ಲದಿದ್ದರೆ ಮದ್ಯಸಾರದ ಅಂಕಿ ಸುಳಿವು ಕೊಡುತ್ತದೆ. ಶೇ 8ರಿಂದ 10ರೊಳಗಿನ ರೀಸ್ಲಿಂಗ್‌ನಲ್ಲಿ ಸಕ್ಕರೆ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಬಾಟಲಿ ಮನೆಗೆ ಬಂದ ಮೇಲೆ ಉಷ್ಣಾಂಶವೇ ಮುಖ್ಯ. ತಂಪು ಹೆಚ್ಚಿದಷ್ಟೂ ನಾಲಿಗೆಯ ಸಿಹಿಗ್ರಹಣ ಕುಗ್ಗುತ್ತದೆ, ಹುಳಿ ಮುಂದೆ ಬರುತ್ತದೆ. ಬಿಸಿಯೇರಿದರೆ ಇದು ಅದಲುಬದಲು. ಕರಗಿದ ಐಸ್‌ಕ್ರೀಮ್ ವಿಪರೀತ ಸಿಹಿಯೆನ್ನಿಸುವುದೂ ಇದರಿಂದಲೇ. ನಸುಸಿಹಿ ವೈನಿಗೆ 8ರಿಂದ 10 ಡಿಗ್ರಿ ಸರಿಯಾದ ಮಟ್ಟ. ಫ್ರಿಜ್ಜಿನ ಒಳಗೆ 4-5 ಡಿಗ್ರಿ ಇರುವುದರಿಂದ ಹೊರತೆಗೆದು ಹತ್ತು-ಹದಿನೈದು ನಿಮಿಷ ಬಿಟ್ಟು ಸುರಿಯಬೇಕು. ಏಪ್ರಿಲ್ ತಿಂಗಳಾದರೆ ಐದೇ ನಿಮಿಷ ಸಾಕು, ಸುರಿಯುವುದೂ ಅರ್ಧರ್ಧ ಲೋಟವೇ ಇರಲಿ. ಅವಸರವಿದ್ದರೆ ಪಾತ್ರೆಯೊಂದರಲ್ಲಿ ಐಸು, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿದರೆ ಕಾಲು ಗಂಟೆಯಲ್ಲಿ ತಣಿಯುತ್ತದೆ, ಫ್ರೀಜರಿನ ಗಾಳಿಗಿಂತ ಐಸುನೀರು ಶಾಖವನ್ನು ಬೇಗ ಎಳೆಯುತ್ತದೆ.

ಇನ್ನು ಊಟ. ಮೆಣಸಿನಕಾಯಿಯ ಖಾರ ಒಂದು ರುಚಿಯಲ್ಲ, ಅದೊಂದು ಉರಿ. ಬಿಸಿಯನ್ನು ಅರಿಯುವ ನರತುದಿಗಳನ್ನು ಕ್ಯಾಪ್ಸೈಸಿನ್ ಕೆಣಕುವುದರಿಂದ ಬಾಯಿ ಸುಟ್ಟಂತಾಗುತ್ತದೆ. ಮದ್ಯಸಾರ ಅದೇ ನರತುದಿಗಳ ಸಹನೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಆದ್ದರಿಂದಲೇ ಶೇ 14ರ ಒಗರು ಕೆಂಪು ವೈನನ್ನು ಗುಂಟೂರು ಮೆಣಸಿನಕಾಯಿಯ ಆಂಧ್ರ ಊಟದೊಂದಿಗೆ ಕುಡಿದವರು ಬೆಂಕಿಗೆ ತುಪ್ಪ ಸುರಿದುಕೊಳ್ಳುತ್ತಾರೆ. ತಂಪು, ಕಡಿಮೆ ಮದ್ಯಸಾರ, ಒಂದಿಷ್ಟು ಸಕ್ಕರೆ, ಈ ಮೂರೂ ಸೇರಿರುವ ನಸುಸಿಹಿ ವೈನ್ ಉರಿಯನ್ನು ತೊಳೆದುಹಾಕದಿದ್ದರೂ (ಅದು ಮೊಸರನ್ನದ ಕೆಲಸ) ಸಹ್ಯವಾಗಿಸುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿಯ ಅಡುಗೆಗಳಿಗಂತೂ ಇದು ಹೇಳಿ ಮಾಡಿಸಿದ ಜೋಡಿ.

ಅದರಲ್ಲೂ ಗೊಜ್ಜುಗಳು. ಅನಾನಸ್ ಗೊಜ್ಜಿನಲ್ಲಿ ಹುಳಿ, ಸಿಹಿ, ಖಾರ, ಉಪ್ಪು ನಾಲ್ಕೂ ಒಂದೇ ತುತ್ತಿನಲ್ಲಿವೆ. ಪೂರ್ತಿ ಡ್ರೈ ವೈನನ್ನು ಅದರ ಮುಂದಿಟ್ಟರೆ ವೈನ್ ತೆಳ್ಳಗೆ, ಕಹಿಯಾಗಿ ತೋರುತ್ತದೆ, ಏಕೆಂದರೆ ತಿನಿಸು ಲೋಟಕ್ಕಿಂತ ಸಿಹಿಯಾಗಿದ್ದಾಗ ಸೋಲುವುದು ಯಾವಾಗಲೂ ಲೋಟವೇ. ಪುಳಿಯೋಗರೆಯೂ ಹೊಂದುತ್ತದೆ, ಗೊಜ್ಜಿನಲ್ಲಿ ಎಣ್ಣೆ ಚೆನ್ನಾಗಿ ಬಿಟ್ಟಿದ್ದರೆ ಇನ್ನೂ ಮೇಲು. ದರ್ಶಿನಿಯಲ್ಲಿ ವೈನ್ ಸಿಗುವ ಮಾತಿಲ್ಲವಾದ್ದರಿಂದ ಇದೆಲ್ಲ ಮನೆಯಲ್ಲಿ, ಇಲ್ಲವೇ ಪಾರ್ಸೆಲ್ ತಂದು ಮಾಡಬೇಕಾದ ಪ್ರಯೋಗ. ಕರಾವಳಿಯ ಸೀಗಡಿ ಗಸಿಯಲ್ಲಿ ತೆಂಗಿನಹಾಲಿನ ಮೃದು ಸಿಹಿಗೆ ಶೆನಿನ್‌ನ ಹಣ್ಣಿನ ವಾಸನೆ ಜೊತೆಯಾಗುತ್ತದೆ. ಕೊಡಗಿನ ಪಂದಿಕರಿಯಲ್ಲಿ ಕಾಚಂಪುಳಿಯ ಕಪ್ಪು ಹುಳಿಯಿದ್ದರೂ ಕೊಬ್ಬನ್ನು ಕತ್ತರಿಸಲು ವೈನಿನ ಆಮ್ಲವೂ ನೆರವಾಗುತ್ತದೆ. ಮುದ್ದೆ-ನಾಟಿಕೋಳಿ ಸಾರಿಗೆ ಮಾತ್ರ ಇದನ್ನು ನಾನು ಶಿಫಾರಸು ಮಾಡಲಾರೆ. ಕರಿಮೆಣಸು, ಲವಂಗದ ಆ ಗಡಸಿನೆದುರು ಇಂಥ ವೈನ್ ಮದುವೆಮನೆಗೆ ತಪ್ಪಿ ಬಂದ ನೆಂಟನಂತೆ ಸುಮ್ಮನೆ ನಿಲ್ಲುತ್ತದೆ. ಒಬ್ಬಟ್ಟಿನ ಜೊತೆಗೂ ಬೇಡ, ಹೂರಣದ ಸಿಹಿ ವೈನನ್ನು ನಿಂಬೆನೀರು ಮಾಡಿಬಿಡುತ್ತದೆ. ಊಟದ ಗೊಡವೆಯೇ ಬೇಡವೆನ್ನುವವರಿಗೆ ಅರಿಸಿನ, ಕರಿಬೇವು, ಖಾರ ಹಾಕಿದ ಕಾಂಗ್ರೆಸ್ ಕಡಲೆಕಾಯಿಬೀಜ ಒಂದು ಪೊಟ್ಟಣ ಸಾಕು. ಬೆಂಗಳೂರಿನ ಬೇಕರಿಗಳು ಈ ವೈನಿಗಾಗಿಯೇ ಅದನ್ನು ಕಂಡುಹಿಡಿದವೇನೋ ಎನ್ನುವಷ್ಟು ಹೊಂದಾಣಿಕೆ.

ಸಕ್ಕರೆಯ ಭಯದ ಬಗ್ಗೆ ಒಂದು ಮಾತು. ಲೀಟರಿಗೆ 15 ಗ್ರಾಂ ಸಕ್ಕರೆಯ ವೈನಿನ 150 ಮಿಲಿಲೀಟರ್ ಲೋಟದಲ್ಲಿರುವುದು ಎರಡೂಕಾಲು ಗ್ರಾಂ, ಅರ್ಧ ಟೀ ಚಮಚದಷ್ಟು. ಅದರಿಂದ ಬರುವುದು 9 ಕ್ಯಾಲೊರಿ. ಅದೇ ಲೋಟದಲ್ಲಿ ಶೇ 12ರ ಲೆಕ್ಕದಲ್ಲಿ ಸುಮಾರು 14 ಗ್ರಾಂ ಮದ್ಯಸಾರವಿದ್ದು, ಅದರ ಪಾಲು ಸುಮಾರು 100 ಕ್ಯಾಲೊರಿ. ಆರೋಗ್ಯದ ದೃಷ್ಟಿಯಿಂದ ಎಣಿಸಬೇಕಾದದ್ದು ಲೋಟಗಳನ್ನೇ ಹೊರತು ಸಿಹಿಯನ್ನಲ್ಲ, ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಡ್ರೈ ಎಂಬ ಧೈರ್ಯದಲ್ಲೂ ವೈದ್ಯರನ್ನು ಕೇಳದೆ ಕುಡಿಯಬಾರದು.

ತೆರೆದ ಬಾಟಲಿ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು-ನಾಲ್ಕು ದಿನ ತಡೆಯುತ್ತದೆ, ಪರಿಮಳ ದಿನೇ ದಿನೇ ಮಂಕಾಗುತ್ತದೆ. ಮುಗಿಸುವ ಮೊದಲು ಕೊನೆಯ ಎರಡು ಗುಟುಕನ್ನು ಲೋಟದಲ್ಲೇ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ರುಚಿ ನೋಡಿ. ತಂಪಿನ ಮರೆ ಹೋಗಿ ಸಕ್ಕರೆ ಪೂರ್ತಿ ಬಯಲಾದಾಗಲೂ ನಾಲಿಗೆಯ ಅಂಚಿನಲ್ಲಿ ಹುಳಿ ಎದ್ದು ನಿಂತರೆ ಆ ಹೆಸರಿನ ಬಾಟಲಿಯನ್ನು ಮುಂದಿನ ಸಲವೂ ತರಬಹುದು. ಬರೀ ಸಕ್ಕರೆನೀರಿನಂತಾಗಿದ್ದರೆ ಪಕ್ಕದ ಬಾಟಲಿಗೆ ಕೈಹಾಕಿ.